ಜರಡಿ ನಿಲ್ಲಿಸಿದ ಸೋಮವಾರ

ಪ್ರತಿ ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಸುಣ್ಣದಾಳದ ಗವಿಯಿಂದ ಒಂದು ಸಂಖ್ಯೆ ಬರುತ್ತಿತ್ತು. ಒಂಬತ್ತು ವರ್ಷಗಳಲ್ಲಿ ಒಂದು ವಾರವೂ ತಪ್ಪಿರಲಿಲ್ಲ. ಬಾಗಲಕೋಟೆಯ ಗವಿ ಕಾವಲು ಕೇಂದ್ರದಲ್ಲಿ, ಮೂವತ್ತೊಂದು ಗವಿಗಳ ಹೆಸರು ಸಾಲಾಗಿ ಬೆಳಗುವ ಪರದೆಯ ಮುಂದೆ ಕುಳಿತು, ಭುವನೇಶ್ವರಿ ಹೊಸಕೋಟಿ ಆ ಸಂಖ್ಯೆಯನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದಳು. ಕಂಪ್ಯೂಟರಿನಲ್ಲಿ ಅದು ತಾನಾಗಿಯೇ ದಾಖಲಾಗುತ್ತಿತ್ತು. ಆದರೂ ಪೆನ್ನಿನಿಂದ ಬರೆದರೇ ಅವಳಿಗೆ ಸಮಾಧಾನ.

ಮೊದಲ ವರ್ಷ ಆ ಸಂಖ್ಯೆ ನಾನೂರ ಹನ್ನೆರಡು ಇತ್ತು. ಆಮೇಲೆ ಮುನ್ನೂರರ ಕೆಳಗಿಳಿಯಿತು, ಆಮೇಲೆ ಇನ್ನೂರು, ನೂರು. ಮಾಘ ಮಾಸದ ಈ ಸೋಮವಾರ ಪರದೆಯ ಮೇಲೆ ಮೂಡಿದ್ದು ಮೂವತ್ತೆಂಟು.

ಭುವನೇಶ್ವರಿ ಅದನ್ನು ಬರೆದು, ಹಿಂದಿನ ವಾರಗಳ ಪುಟಗಳನ್ನು ತಿರುವಿ ನೋಡಿದಳು.

ಎಣಿಕೆಯಾಗುತ್ತಿದ್ದುದು ಒಂದು ಕುರುಡು ಸೀಗಡಿ. ಅಕ್ಕಿಕಾಳಿನಷ್ಟು ಉದ್ದ, ಹಾಲಿನಂಥ ಬಿಳುಪು, ಕಣ್ಣಿರಬೇಕಾದಲ್ಲಿ ಬರೀ ನುಣುಪು. ಸುಣ್ಣದಾಳದವರು ಅದನ್ನು ಗಂಗವ್ವನ ಹುಳ ಎನ್ನುತ್ತಿದ್ದರು. ಜಗತ್ತಿನಲ್ಲಿ ಅದು ಇರುವುದು ಆ ಒಂದೇ ಗವಿಯ ಕೊಳದಲ್ಲಿ ಎಂದು ವಿಜ್ಞಾನಿಗಳು ತೀರ್ಮಾನಿಸಿದ್ದರು. ಇಂಥ ಜೀವಿಗಳಿಗಾಗಿಯೇ ಹತ್ತು ವರ್ಷದ ಹಿಂದೆ ಒಂದು ಕಾಯ್ದೆ ಬಂದಿತ್ತು. ಜನರ ಬಾಯಲ್ಲಿ ಅದು ಕತ್ತಲ ಕಾಯ್ದೆ. ಬೇರೆಲ್ಲೂ ಇಲ್ಲದ ಜೀವಿ ಒಂದು ಗವಿಯಲ್ಲಿದ್ದರೆ, ಅದರ ಸುತ್ತ ಎರಡು ಕಿಲೋಮೀಟರು ಯಾರೂ ಕಲ್ಲು ಒಡೆಯುವಂತಿಲ್ಲ, ಬಾವಿ ಕೊರೆಯುವಂತಿಲ್ಲ. ಆದರೆ ಜೀವಿ ಇದೆ ಎಂಬುದಕ್ಕೆ ಪುರಾವೆ ಬೇಕಲ್ಲ? ಅದನ್ನೂ ಕಾಯ್ದೆಯೇ ಹೇಳಿತ್ತು. ಆರು ತಿಂಗಳು ಸಂಖ್ಯೆ ನಲವತ್ತಕ್ಕಿಂತ ಕೆಳಗಿದ್ದರೆ, ಅಥವಾ ಆರು ತಿಂಗಳು ಸಂಖ್ಯೆಯೇ ಬಾರದಿದ್ದರೆ, ಆ ಜೀವಿ ಅಳಿದಿದೆ ಎಂದು ತಿಳಿಯತಕ್ಕದ್ದು.

ಸಂಖ್ಯೆ ಕೊಡುತ್ತಿದ್ದ ಯಂತ್ರಕ್ಕೆ ಕೇಂದ್ರದವರು ಇಟ್ಟ ಹೆಸರು ಜರಡಿ. ನೀರಿನಲ್ಲಿ ಬಾಳುವ ಪ್ರತಿಯೊಂದು ಜೀವಿಯೂ ತನ್ನ ಮೈಯ ಸೂಕ್ಷ್ಮ ಚೂರುಗಳನ್ನು ಆ ನೀರಿನಲ್ಲಿ ಉದುರಿಸುತ್ತಲೇ ಇರುತ್ತದೆ. ಜರಡಿ ವಾರಕ್ಕೊಮ್ಮೆ ಕೊಳದ ನೀರನ್ನು ಎಳೆದು, ಸೋಸಿ, ಸಿಕ್ಕ ಚೂರುಗಳ ವಂಶವಾಹಿ ಓದಿ, ಇಷ್ಟು ಚೂರು ಇರಬೇಕಾದರೆ ಇಷ್ಟು ಹುಳ ಇರಲೇಬೇಕೆಂದು ಲೆಕ್ಕ ಹಾಕಿ ಹೇಳುತ್ತಿತ್ತು. ಸೋಸಿದ ನೀರನ್ನು ಒಂದು ಹನಿಯೂ ಕಡಿಮೆಯಾಗದಂತೆ ಕೊಳಕ್ಕೇ ಮರಳಿಸುತ್ತಿತ್ತು. ಮನುಷ್ಯರು ಗವಿಗೆ ಇಳಿಯುವ ಅಗತ್ಯವೇ ಇರಲಿಲ್ಲ. ಅದನ್ನು ರೂಪಿಸಿದ ಡಾಕ್ಟರ್ ನಜೀರ್ ಮುಲ್ಲಾ ಈಗ ಕೇಂದ್ರದ ಮುಖ್ಯಸ್ಥರು. ಹುಬ್ಬಳ್ಳಿಯವರು, ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ.

"ಸರ್, ಸುಣ್ಣದಾಳ ಮೂವತ್ತೆಂಟಕ್ಕ ಬಂತ್ರಿ," ಎಂದಳು ಭುವನೇಶ್ವರಿ, ಅವರ ಕೋಣೆಯ ಬಾಗಿಲಲ್ಲಿ ನಿಂತು.

ನಜೀರ್ ಕನ್ನಡಕ ತೆಗೆದರು. "ಗಣಿಯವರು ಎರಡು ಕಿಲೋಮೀಟರಿನ ಗೆರಿ ದಾಟ್ಯಾರೇನು?"

"ನೆಲದ ಕಂಪನದ ದಾಖಲೆ ಪೂರಾ ನೋಡೀನ್ರಿ. ಐದು ವರ್ಷದಾಗ ಗೆರಿ ಒಳಗ ಕಲ್ಲು ಸಿಡಸಾಕ ಒಂದು ಬಾರನೂ ಹಾರಿಸಿಲ್ಲ. ನೀರಿನಾಗ ವಿಷ ಇಲ್ಲ, ಬಿಸಿ ಏರಿಲ್ಲ. ಏನೂ ಆಗಿಲ್ರಿ. ಆದ್ರ ಸಾಯಾಕತ್ತಾವ."

"ಹಂಗಾರ ಒಳಗ ಇಳದ ನೋಡಬೇಕು. ವರ್ಷಕ್ಕ ಒಬ್ಬರು ಒಮ್ಮೆ ಇಳೀಬಹುದು ಅಂತ ಐತಲ್ಲ ಕಾಯ್ದೆದಾಗ. ನೀವ ಇಳೀರಿ."

ಗಣಿಯ ಮಾತು ಬಂದಾಗಲೆಲ್ಲ ಭುವನೇಶ್ವರಿಗೆ ಒಂದು ಮುಜುಗರ. ಅವಳ ಗಂಡ ಸಿದ್ಲಿಂಗ ಅದೇ ಗಣಿಯಲ್ಲಿ ಕ್ರೇನ್ ನಡೆಸುತ್ತಿದ್ದ. ಗವಿಯ ಗುಡ್ಡದ ಮೂಡಣ ದಿಕ್ಕಿಗೆ, ಎರಡು ಕಿಲೋಮೀಟರಿನ ಗೆರೆಯ ಆಚೆ, ಸುಣ್ಣದಕಲ್ಲಿನ ದೊಡ್ಡ ಗಣಿ. ಇನ್ನೂರ ಹತ್ತು ಮಂದಿ ದುಡಿಯುತ್ತಿದ್ದರು. ಭುವನೇಶ್ವರಿಯ ಮನೆಯೂ ಗಣಿ ಕಾಲೊನಿಯಲ್ಲೇ. ಗಣಿಯನ್ನು ದೊಡ್ಡ ಮೆಟ್ಟಿಲುಗಳಂತೆ ಕೆಳಕ್ಕೆ ಕಡಿದಿದ್ದರು. ಮೇಲಿನ ಎರಡು ಮೆಟ್ಟಿಲುಗಳಲ್ಲಿ ಒಳ್ಳೆಯ ಕಲ್ಲು ಮುಗಿಯುತ್ತ ಬಂದಿತ್ತು. ಕೆಳಗಿನ ಮೂರನೆಯ ಮೆಟ್ಟಿಲೊಂದೇ ಈಗ ಆಸರೆ. ಅದೂ ಮುಗಿದ ಮೇಲೆ ಗುಡ್ಡದ ಕಡೆಗೇ ಸರಿಯಬೇಕು, ಗುಡ್ಡಕ್ಕೆ ಗೆರೆ ಅಡ್ಡ. ಕಾಲೊನಿಯ ನಲ್ಲಿಯ ಹತ್ತಿರ ಯಾರಾದರೂ "ಹುಳ ಎಷ್ಟ ಅದಾವ ಅಕ್ಕಾ?" ಎಂದು ಕೇಳಿದರೆ ಅದು ನಗೆಯೂ ಹೌದು, ನಿಜವಾದ ಪ್ರಶ್ನೆಯೂ ಹೌದು.

ಸಿದ್ಲಿಂಗ ಮಾತ್ರ ಎಂದೂ ಕೇಳಿದವನಲ್ಲ. ಅಂದು ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಪಕ್ಕ ಕುಳಿತು ಚಹಾ ಕುಡಿಯುತ್ತ, ಅವಳ ಮುಖ ನೋಡಿ, "ಏನಾತು?" ಎಂದ.

"ನಾಳೆ ಗವಿಗೆ ಇಳೀಬೇಕು."

"ಹುಷಾರ. ಹಿಂದಿನ ಸಲ ಜಾರಿ ಬಿದ್ದು ಮುಂಗೈ ಮುರಕೊಂಡಿದ್ದಿ."

"ಒಂಬತ್ತ ವರ್ಷದ ಹಿಂದಿನ ಮಾತದು."

"ಕಲ್ಲು ಅದ ಐತಲ್ಲ," ಎಂದು ಅವನು ಬಟ್ಟಲು ತೊಳೆಯಲು ಎದ್ದ.

ಮರುದಿನ ಭುವನೇಶ್ವರಿ ಗವಿಗೆ ಇಳಿದಳು. ಬಾಯಿಯಿಂದ ಮೂವತ್ತು ಮಾರು ತೆವಳಿಕೊಂಡು ಹೋದರೆ ಆಮೇಲೆ ನಿಲ್ಲುವಷ್ಟು ಎತ್ತರ, ಅದರ ಕೊನೆಗೆ ಕೊಳ. ಹಣೆಗೆ ಕಟ್ಟಿದ ಕೆಂಪು ದೀಪ ಒಂದು ಮೊಳದಾಚೆಗೆ ಏನನ್ನೂ ತೋರಿಸುತ್ತಿರಲಿಲ್ಲ. ಎಲ್ಲೋ ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಅವಳ ಉಸಿರಿನ ಸದ್ದೊಂದೇ.

ಕೊಳದ ದಂಡೆಯ ಓರೆ ಕಲ್ಲಿನ ಮೇಲೆ ಅವಳು ಅಂಜುತ್ತಲೇ ಕಾಲಿಟ್ಟಳು. ಅಲ್ಲಿಯೇ ಅವಳು ಬಿದ್ದದ್ದು, ಜರಡಿಯನ್ನು ಜೋಡಿಸಲು ಬಂದಾಗ. ಅಂದು ಆ ಕಲ್ಲು ಎಣ್ಣೆ ಸವರಿದಂತಿತ್ತು. ಇಂದು ಕಾಲು ಜಾರಲಿಲ್ಲ. ತೊಳೆದ ಅಂಗಳದ ಮೇಲೆ ನಿಂತಂತೆ ಗಟ್ಟಿಯಾಗಿ ನಿಂತಿತು. ಅವಳು ಬಗ್ಗಿ ಅಂಗೈಯಿಂದ ಸವರಿ ನೋಡಿದಳು. ಒರಟು ಕಲ್ಲು. ನೀರೊಳಗೆ ಕೈಯಿಟ್ಟು ಅಲ್ಲಿಯ ಕಲ್ಲನ್ನೂ ಸವರಿದಳು. ಅದೂ ಒರಟು. ನೀರು ಎಷ್ಟು ತಿಳಿಯಾಗಿತ್ತೆಂದರೆ ನೀರಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಒಂದು ಗಂಟೆ ಅಲ್ಲಿ ಕುಳಿತರೂ ಒಂದು ಹುಳ ಕಾಣಲಿಲ್ಲ.

ಹಿಂದಿರುಗುವಾಗ ಬಲಗಡೆಯ ಗೋಡೆಯಲ್ಲಿ ಬೊಗಸೆಯಷ್ಟು ದೊಡ್ಡದೊಂದು ತಗ್ಗು ಸಿಕ್ಕಿತು. ಮೇಲಿಂದ ಹನಿ ಬಿದ್ದು ತುಂಬಿದ್ದ ನೀರು. ಕೊಳಕ್ಕೂ ಅದಕ್ಕೂ ಸಂಪರ್ಕವಿರಲಿಲ್ಲ. ಬೆರಳಿಟ್ಟಳು. ಲೋಳೆ, ಜಾರುವ ಲೋಳೆ. ಆ ಲೋಳೆಯನ್ನು ಮೇಯುತ್ತ ಎರಡು ಬಿಳಿಯ ಹುಳ ನಿಧಾನವಾಗಿ ಸರಿಯುತ್ತಿದ್ದವು.

ಭುವನೇಶ್ವರಿ ಆ ಲೋಳೆಯನ್ನು ಒಂದಿಷ್ಟು ಕೆರೆದುಕೊಂಡಳು, ಕೊಳಕ್ಕೆ ಮರಳಿ ಅಲ್ಲಿಯ ಕಲ್ಲನ್ನೂ ಕೆರೆದುಕೊಂಡಳು. ಕೊಳದಲ್ಲಿ ಏನು ಇಲ್ಲವಾಗಿದೆ ಎಂಬುದು ಆ ಕ್ಷಣಕ್ಕೆ ಅವಳಿಗೆ ಹೊಳೆದಿತ್ತು.

ಪ್ರಯೋಗಾಲಯದಲ್ಲಿ ನಜೀರ್ ಎರಡೂ ಕಡೆಯಿಂದ ಕೆರೆದು ತಂದದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಗೋಡೆಯ ತಗ್ಗಿನದ್ದರಲ್ಲಿ ಸೂಕ್ಷ್ಮಜೀವಿಗಳು ಸಂತೆ ನೆರೆದಂತೆ ಕಿಕ್ಕಿರಿದಿದ್ದವು. ಕೊಳದ್ದು ಬರಿಗಾಜಿನ ಹಾಗೆ ಖಾಲಿ.

"ವಾರಕ್ಕ ಎಷ್ಟ ಲೀಟರ್ ಎಳೀತೈತ್ರಿ ಸರ್ ಜರಡಿ?" ಎಂದು ಭುವನೇಶ್ವರಿ ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು.

"ನಾನೂರು." ಅವರು ತಲೆ ಎತ್ತಲಿಲ್ಲ. "ಕೊಳದಾಗ ಇರೂದು ಇಪ್ಪತ್ತು ಸಾವಿರ. ವರ್ಷಕ್ಕ ಒಮ್ಮೆ ಇಡೀ ಕೊಳನ ಸೋಸೀವಿ. ಒಂಬತ್ತ ವರ್ಷ, ಒಂಬತ್ತ ಸಲ."

ಗವಿಯೊಳಗೆ ಬಿಸಿಲಿಲ್ಲ, ಎಲೆಯಿಲ್ಲ. ಮೇಲಿನ ಮಣ್ಣಿನಿಂದ ಹನಿಯ ಜೊತೆ ಇಳಿದು ಬರುವ ಚೂರುಪಾರು, ಅದರ ಮೇಲೆ ಬೆಳೆಯುವ ಲೋಳೆ, ಇಷ್ಟೇ ಅಲ್ಲಿಯ ಆಹಾರ. ಹರಿಯುವ ನೀರಿನ ಗವಿಗಳಲ್ಲಿ ಸೋಸಿದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ನಿಂತ ಕೊಳದಲ್ಲಿ ಹಾಗಲ್ಲ. ಹುಳುಗಳ ಗುರುತು ಹಿಡಿಯಲೆಂದು ಯಂತ್ರ ಸೋಸಿ ತೆಗೆದದ್ದು ಆ ಹುಳುಗಳ ಊಟವನ್ನೇ.

"ನಾನ ಮಾಡಿದ ಯಂತ್ರ," ಎಂದರು ನಜೀರ್. ಅವರ ದನಿ ಏರಲಿಲ್ಲ. ಕನ್ನಡಕ ಒರೆಸುತ್ತ ಕಿಟಕಿಯ ಹತ್ತಿರ ಹೋಗಿ ನಿಂತರು.

ಅವರು ಅದೇ ದಿನ ರಾಜಧಾನಿಗೆ ವರದಿ ಕಳಿಸಿದರು. ಎರಡು ವಾರದ ಮೇಲೆ ಉತ್ತರ ಬಂತು. ವಿಷಯವನ್ನು ತಾಂತ್ರಿಕ ಸಮಿತಿ ಪರಿಶೀಲಿಸಲಿದೆ. ಅಲ್ಲಿಯವರೆಗೆ ಕಾಯ್ದೆಯ ಪ್ರಕಾರ ಎಣಿಕೆ ಮುಂದುವರಿಯತಕ್ಕದ್ದು.

ಅಂದು ಸೋಮವಾರ. ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು. ಇನ್ನು ಹತ್ತು ನಿಮಿಷಕ್ಕೆ ಜರಡಿ ಮತ್ತೆ ನಾನೂರು ಲೀಟರು ಎಳೆಯುತ್ತದೆ. ಭುವನೇಶ್ವರಿ ಪತ್ರವನ್ನು ಎರಡು ಸಲ ಓದಿದಳು. ಯಂತ್ರ ಕೆಟ್ಟಾಗ ಅಂದಾಜಿನ ಸಂಖ್ಯೆಯನ್ನು ಕೈಯಿಂದ ತುಂಬುವ ಅಧಿಕಾರ ಅವಳಿಗಿತ್ತು. ಅರವತ್ತು ಎಂದು ಒತ್ತಿದರೆ ಯಾರೂ ಕೇಳುವುದಿಲ್ಲ. ಗುಡ್ಡವೂ ಉಳಿಯುತ್ತದೆ, ಯಂತ್ರವನ್ನೂ ನಿಲ್ಲಿಸಬಹುದು. ಅವಳ ಬೆರಳು ಆರರ ಗುಂಡಿಯ ಮೇಲೆ ಒಂದು ಕ್ಷಣ ನಿಂತದ್ದೂ ನಿಜ. ಆದರೆ ಒಂಬತ್ತು ವರ್ಷ ಸರಿಯಾಗಿ ಬರೆದ ಪುಸ್ತಕ ಎದುರಿಗೇ ತೆರೆದಿತ್ತು. ಅದರೊಳಗೆ ಒಂದು ಸುಳ್ಳು ಬರೆಯುವುದು ಅವಳ ಕೈಯಿಂದ ಆಗಲಿಲ್ಲ.

ಅವಳು ಸುಣ್ಣದಾಳದ ಹೆಸರಿನ ಪಕ್ಕದ ಕೆಂಪು ಗುಂಡಿ ಒತ್ತಿದಳು. ಪರದೆಯ ಮೇಲೆ ಆ ಒಂದು ಸಾಲು ಆರಿತು. ಪುಸ್ತಕದಲ್ಲಿ ತಾರೀಖು ಹಾಕಿ, 'ಜರಡಿಯನ್ನು ನಾನೇ ನಿಲ್ಲಿಸಿದ್ದೇನೆ. ಅದು ಹುಳುಗಳ ಆಹಾರವನ್ನು ಸೋಸುತ್ತಿದೆ' ಎಂದು ಬರೆದು ಸಹಿ ಮಾಡಿದಳು. ಆಮೇಲೆ ನಜೀರರ ಕೋಣೆಗೆ ಹೋಗಿ ಹೇಳಿದಳು.

ಅವರು ಪುಸ್ತಕ ತರಿಸಿಕೊಂಡು ಓದಿದರು. ಅವಳ ಸಹಿಯ ಕೆಳಗೆ ತಮ್ಮದೂ ಒಂದು ಹಾಕಿದರು. "ಆರು ತಿಂಗಳು ಸಂಖ್ಯೆ ಬರದಿದ್ರ ಗುಡ್ಡ ಗಣಿಗೆ ಹೋಗತೈತಿ. ಗೊತ್ತೈತಲ್ಲ?"

"ಗೊತ್ತೈತ್ರಿ ಸರ್. ಯಂತ್ರ ನಡಸಿದ್ರ ಆರು ತಿಂಗಳ ತನಕ ಹುಳನ ಇರಂಗಿಲ್ಲ."

ಸುದ್ದಿ ಕಾಲೊನಿಗೆ ಬಂದದ್ದು ತಲೆಕೆಳಗಾಗಿ. ಹೊಸಕೋಟಿ ಅಕ್ಕ ಗಣಿಯವರ ಪರವಾಗಿ ಎಣಿಕೆ ನಿಲ್ಲಿಸಿದಳಂತೆ, ಇನ್ನು ಗುಡ್ಡ ತೆರೆಯುತ್ತದಂತೆ! ನಲ್ಲಿಯ ಹತ್ತಿರ ಹೆಂಗಸರು ಅವಳ ಕೊಡವನ್ನು ಮುಂದೆ ಬಿಟ್ಟರು. ಅತ್ತ ಬಾಗಲಕೋಟೆಯ ಪರಿಸರದ ಸಂಘದವರು ಕೇಂದ್ರದ ಮುಂದೆ ಅವಳ ಹೆಸರು ಬರೆದ ಫಲಕ ಹಿಡಿದು ನಿಂತರು. ಹೇಳಿದ್ದನ್ನು ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಸಿದ್ಲಿಂಗನ ಗೆಳೆಯ ಮಹಾದೇವ ಮನೆಗೆ ಬಂದ. ಕೆಳಮೆಟ್ಟಿಲಿನಲ್ಲಿ ಕಲ್ಲಿಗೆ ರಂಧ್ರ ಕೊರೆಯುವವನು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಕೈಯಲ್ಲಿ ಅಮೀನಗಡ ಕರದಂಟಿನ ಪೊಟ್ಟಣ.

"ಮ್ಯಾನೇಜರ್ ಸಾಹೇಬ್ರು ಕೊಟ್ಟಾರ ವೈನಿ, ನಿಮಗಂತ," ಎಂದು ನಗುತ್ತ ಕೊಟ್ಟ.

ಅವನು ಹೋದ ಮೇಲೆ ಭುವನೇಶ್ವರಿ ಪೊಟ್ಟಣವನ್ನು ಬಿಚ್ಚದೆ ಗೋಡೆಯ ಮಾಡದಲ್ಲಿಟ್ಟಳು. ಸಿದ್ಲಿಂಗ ಅದನ್ನೇ ನೋಡುತ್ತ ಕುಳಿತಿದ್ದವನು ಮೆಲ್ಲಗೆ ಹೇಳಿದ.

"ಭುವಿ, ಒಂದ ಮಾತು ಹೇಳೂದೈತಿ. ನಿಮ್ಮ ಹುಳ ನಾ ನೋಡೀನಿ."

"ಎಲ್ಲಿ? ಫೋಟೋದಾಗೇನು?"

"ಫೋಟೋದಾಗಲ್ಲ. ಗಣಿಯಾಗ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಮಳಿಗಾಲದಾಗ ಕೆಳಮೆಟ್ಟಲದ ಗ್ವಾಡಿಯಿಂದ ನೀರು ಬಸೀತೈತಿ. ಅದರ ಜೋಡಿ ಬರ್ತಾವ. ನಾಕೈದ, ಒಮ್ಮೊಮ್ಮೆ ಹತ್ತು. ಆ ನೀರು ಗುಂಡ್ಯಾಗ ನಿಂದ್ರತೈತಿ, ಪಂಪು ಎಳದು ಕಾಲುವಿಗೆ ಒಗೀತೈತಿ. ಅವು ಸಾಯೂದು ನೋಡಾಕ ಆಗಲಿಲ್ಲ. ಬುತ್ತಿ ಡಬ್ಬಿ ಮುಚ್ಚಳದಾಗ ಎತಗೊಂಡು ಗ್ವಾಡಿ ಬಿರುಕಿನಾಗ ಬಿಡ್ತಿದ್ದೆ."

"ಎಷ್ಟ ವರ್ಷಾತು?"

"ನಾಕು."

ಆ ನಾಲ್ಕು ವರ್ಷ ಅವಳು ಇದೇ ಕೋಣೆಯಲ್ಲಿ ಕುಳಿತು, ಸಂಖ್ಯೆ ಇಳಿಯುತ್ತಿದೆ ಎಂದು ಅನ್ನ ಬಿಟ್ಟ ದಿನಗಳಿದ್ದವು.

"ನನಗ್ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಸುಮ್ನ ಇರ್ತಿದ್ದೇನು? ಬರಕೋತಿದ್ದಿ. ಕೆಳಮೆಟ್ಟಲ ಬಂದ್ ಆಗ್ತಿತ್ತು. ಅರವತ್ತ ಮಂದಿ ಅದಾರ ಅಲ್ಲೆ. ಮಹಾದ್ಯಾನೂ ಅದಾನ, ನಾನೂ ಅದೀನಿ. ಎಲ್ಲಾರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ."

"ಈಗ್ಯಾಕ ಹೇಳಾಕತ್ತೀರಿ?"

"ನೀ ಪುಸ್ತಕದಾಗ ನಿನ್ನ ಹೆಸರ ಬರದ ಇಟ್ಟಿ." ಅವನು ಎದ್ದು ಕರದಂಟಿನ ಪೊಟ್ಟಣ ಕೈಗೆತ್ತಿಕೊಂಡ. "ಇದನ್ನ ಸಾಹೇಬ್ರಿಗೆ ತಿರುಗಿ ಕೊಟ್ಟ ಬರ್ತೀನಿ. ಮಳಿಗಾಲ ಬರಲಿ, ಹುಳದ ಮಾತು ನಾನ ಎಲ್ಲಾರ ಮುಂದ ಹೇಳ್ತೀನಿ."

ವಿಚಾರಣೆ ನಡೆದದ್ದು ಆಷಾಢದಲ್ಲಿ, ಆರು ತಿಂಗಳು ತುಂಬಲು ಮೂರು ವಾರ ಬಾಕಿ ಇದ್ದಾಗ. ಗವಿಗಳ ತಕರಾರಿಗೆಂದೇ ಇದ್ದ ನ್ಯಾಯಮಂಡಳಿ ಜಿಲ್ಲಾಡಳಿತದ ಹಳೆಯ ಸಭಾಭವನದಲ್ಲಿ ಸೇರಿತ್ತು. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ತೆಳ್ಳಗಿನ ಹೆಂಗಸು, ಪ್ರತಿಯೊಂದನ್ನೂ ತಾವೇ ಬರೆದುಕೊಳ್ಳುತ್ತಿದ್ದರು. ಗಣಿಯ ವಕೀಲರು ಜೋರು ಮಾಡಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಕಾಯ್ದೆಯ ಸಾಲನ್ನು ಓದಿ ಹೇಳಿ ಕುಳಿತರು. ಭುವನೇಶ್ವರಿ ಜರಡಿಯ ಕಥೆ ಹೇಳಿದಳು. ನಜೀರ್ ಎದ್ದು ನಿಂತು, ಯಂತ್ರ ತಮ್ಮದು, ತಪ್ಪೂ ತಮ್ಮದು ಎಂದರು.

"ಯಂತ್ರ ಓಡಿಸಬೇಡಿ ಅನ್ನುತ್ತೀರಿ. ಒಪ್ಪೋಣ," ಎಂದರು ಅಧ್ಯಕ್ಷೆ. "ಹಾಗಾದರೆ ಜೀವಿ ಬದುಕಿದೆ ಅಂತ ನಮಗೆ ತಿಳಿಯುವುದು ಹೇಗೆ?"

"ಗವಿ ಮಾತು ನನಗೂ ಗೊತ್ತಿಲ್ರಿ ಮೇಡಂ," ಎಂದಳು ಭುವನೇಶ್ವರಿ. "ಕೊಳದಾಗಿನವು ಸತ್ತಿರಲೂಬಹುದು."

ಸಭೆಯಲ್ಲಿ ಗುಜುಗುಜು ಎದ್ದಿತು. ಆಗ ಹಿಂದಿನ ಸಾಲಿನಿಂದ ಸಿದ್ಲಿಂಗ ಎದ್ದು ನಿಂತ. ಮಗ್ಗುಲಲ್ಲಿ ಕುಳಿತಿದ್ದ ಮಹಾದೇವ ಅವನ ಅಂಗಿಯ ಚುಂಗು ಹಿಡಿದೆಳೆದ. ಸಿದ್ಲಿಂಗ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

"ನಾ ಗಣಿಯಾಗ ಕ್ರೇನ್ ನಡಸಾಂವ್ರಿ. ಭುವನೇಶ್ವರಿ ಮೇಡಂ ಅವ್ರ ಗಂಡ. ಹುಳ ನಮ್ಮ ಕೆಳಮೆಟ್ಟಲದಾಗ ಅದಾವ್ರಿ. ಈಗ ಮಳಿ ಹತ್ತೈತಿ. ಬರ್ರಿ, ತೋರಸ್ತೀನಿ."

ಮಂಡಳಿಯವರು ಮರುದಿನವೇ ಬಂದರು. ಗಣಿಯ ತಳದಲ್ಲಿ ಗೋಡೆ ಬೆವೆತಂತೆ ನೀರು ಒಸರುತ್ತಿತ್ತು. ಸಿದ್ಲಿಂಗ ಬಿಳಿಯ ತೆಳು ಅರಿವೆಯನ್ನು ಬಿರುಕಿನ ಕೆಳಗೆ ಕಟ್ಟಿದ. ಎಲ್ಲರೂ ಛತ್ರಿ ಹಿಡಿದು ಎರಡು ಗಂಟೆ ಕಾದರು. ಅರಿವೆಯಲ್ಲಿ ನಿಂತ ನೀರನ್ನು ಊಟದ ತಟ್ಟೆಗೆ ಸುರಿದಾಗ ಅದರಲ್ಲಿ ಏಳು ಹುಳ ಇದ್ದವು. ಅಧ್ಯಕ್ಷೆ ತಟ್ಟೆಯ ಮೇಲೆ ಬಗ್ಗಿ ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದರು. ಗವಿಯ ಕೊಳ ಅವುಗಳ ಇಡೀ ಮನೆಯಲ್ಲ, ಒಂದು ಕೋಣೆ ಮಾತ್ರ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಗುಡ್ಡದ ಹೊಟ್ಟೆಯೊಳಗೆ, ಯಾವ ಗೆರೆಗೂ ಸಿಗದಂತೆ, ನೀರಿನ ಸಂದುಗಳು ಹರಡಿಕೊಂಡಿದ್ದವು.

ತೀರ್ಪು ಹದಿನೈದು ದಿನಕ್ಕೆ ಬಂತು. ನಿಂತ ನೀರಿನ ಎಲ್ಲ ಗವಿಗಳಿಂದ ಜರಡಿ ತೆಗೆಯಬೇಕು. ಸುಣ್ಣದಾಳದ ಗವಿಯನ್ನು ಹತ್ತು ವರ್ಷ ಮುಚ್ಚಬೇಕು, ಯಾರೂ ಇಳಿಯುವಂತಿಲ್ಲ. ಎಣಿಕೆ ಇಲ್ಲ ಎಂಬ ಕಾರಣಕ್ಕೆ ಜೀವಿಯೂ ಇಲ್ಲ ಎಂದು ತಿಳಿಯತಕ್ಕದ್ದಲ್ಲ. ಗಣಿಯ ಕೆಳಮೆಟ್ಟಿಲು ಶಾಶ್ವತವಾಗಿ ಬಂದ್. ಮಳೆಗಾಲದಲ್ಲಿ ಅಲ್ಲಿ ಬಸಿಯುವ ನೀರನ್ನು ಮನುಷ್ಯರೇ ಕಣ್ಣಿನಿಂದ ನೋಡಿ ವರದಿ ಮಾಡತಕ್ಕದ್ದು.

ಅರವತ್ತು ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಮೇಲಿನ ಮೆಟ್ಟಿಲುಗಳಲ್ಲಿ ಕೆಲಸ ಸಿಕ್ಕಿತು. ಉಳಿದವರು ಬೇರೆ ಊರಿನ ಗಣಿಗಳಿಗೆ ಹೋದರು. ಸಿದ್ಲಿಂಗನ ಕ್ರೇನನ್ನು ಬಿಚ್ಚಿ ಲಾರಿಯ ಮೇಲೆ ಹೇರಿಕೊಂಡು ಹೋದ ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲ. ಕಾಲೊನಿ ಬಿಟ್ಟು ಅವರು ಸುಣ್ಣದಾಳದ ಊರೊಳಗೆ ಒಂದು ಮನೆ ಹಿಡಿದರು. ಮಹಾದೇವ ಮೇಲಿನ ಮೆಟ್ಟಿಲಿನಲ್ಲಿ ಉಳಿದ, ಆದರೆ ಸಿದ್ಲಿಂಗ ಎದುರಾದರೆ ಸೈಕಲ್ ಇಳಿಯುತ್ತಿರಲಿಲ್ಲ. ಭುವನೇಶ್ವರಿಯನ್ನು ಪರದೆಯ ಕೋಣೆಯಿಂದ ಬಿಡಿಸಿ ಬಸಿನೀರಿನ ಕೆಲಸಕ್ಕೆ ಹಾಕಿದರು. ಶಿಕ್ಷೆಯೆಂದು ಯಾರೂ ಹೇಳಲಿಲ್ಲ. ಅವಳೂ ಹಾಗೆ ತಿಳಿಯಲಿಲ್ಲ. ಜೊತೆಗೆ ಒಬ್ಬ ಕಾವಲಿನವನು ಬೇಕಿತ್ತು. ನಜೀರ್ ನಿವೃತ್ತರಾಗುವ ಮುನ್ನ ಸಿದ್ಲಿಂಗನ ಹೆಸರು ಬರೆದು ಹೋದರು.

ಮುಂದಿನ ಮಳೆಗಾಲದಲ್ಲಿ ಅರಿವೆಗೆ ಬಂದದ್ದು ನಾಲ್ಕು ಹುಳ. ಅದರ ಮುಂದಿನ ವರ್ಷ ಎರಡು. ಮೂರನೆಯ ವರ್ಷ ರೋಹಿಣಿ ಮಳೆ ಹೋಯಿತು, ಮೃಗಶಿರ, ಆರ್ದ್ರಾ, ಪುನರ್ವಸು ಹೋದವು. ಗೋಡೆ ಒಸರಿತು, ಅರಿವೆ ತೊಯ್ದಿತು, ತಟ್ಟೆಯಲ್ಲಿ ಬರೀ ನೀರು. ಗಂಡಹೆಂಡತಿ ಬೆಳಗ್ಗೆ ಬರುತ್ತಿದ್ದರು, ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದರು, ಸಂಜೆ ಹೋಗುತ್ತಿದ್ದರು. ಗವಿಯೊಳಗೆ ಏನಾಗಿದೆಯೋ ನೋಡುವಂತಿಲ್ಲ. ಲೋಳೆ ಮತ್ತೆ ಬೆಳೆಯಲು ಎಷ್ಟು ವರ್ಷ ಬೇಕೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ತಾನು ತಡ ಮಾಡಿದೆನೇನೋ ಎಂಬ ಯೋಚನೆ ಭುವನೇಶ್ವರಿಯನ್ನು ಬಿಡುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಗ್ಗೆ ಇಬ್ಬರೂ ಖಾಲಿ ತಟ್ಟೆಯ ಮುಂದೆ ಕುಳಿತಿದ್ದಾಗ ಮೇಲಿನ ದಾರಿಯಲ್ಲಿ ಸೈಕಲ್ ನಿಂತ ಸದ್ದಾಯಿತು. ಮಹಾದೇವ. ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದ. ಆಮೇಲೆ ಸೈಕಲ್ಲನ್ನು ಬಂಡೆಗೆ ಒರಗಿಸಿ, ತಾನೇ ಕೊರೆದ ಹಳೆಯ ರಂಧ್ರಗಳಿಗೆ ಕಾಲು ಕೊಡುತ್ತ ಕೆಳಗಿಳಿದು ಬಂದ. ಯಾರನ್ನೂ ಮಾತಾಡಿಸದೆ ತಟ್ಟೆಯೊಳಗೆ ಇಣುಕಿದ.

"ಇಲ್ಯಾಕ ಕಟ್ಟೀರಿ ಅರಿವಿ?" ಎಂದ, ಯಾರಿಗೆಂದು ತಿಳಿಯದ ಹಾಗೆ. "ಈ ಬಿರುಕು ಮಣ್ಣು ತುಂಬಿ ಮುಚ್ಚೈತಿ. ನೀರು ದಾರಿ ಬದಲ ಮಾಡೈತಿ. ಕಲ್ಲು ಕೊರದಾಂವ್ಗ ಗೊತ್ತಾಗತೈತಿ."

ಅವನು ಗೋಡೆಯುದ್ದಕ್ಕೂ ಕಿವಿಯಿಟ್ಟು, ಬೆರಳಿನಿಂದ ತಟ್ಟುತ್ತ ಹತ್ತು ಹೆಜ್ಜೆ ಹೋದ. ಒಂದು ಕಡೆ ಜೋತುಬಿದ್ದ ಕಲ್ಲಿನ ಅಡಿ ಮಂಡಿಯೂರಿ ಕುಳಿತ. ಭುವನೇಶ್ವರಿ ಬ್ಯಾಟರಿ ಹಿಡಿದು ಅವನ ಹಿಂದೆ ಬಗ್ಗಿದಳು. ಕಲ್ಲಿನ ಕೆಳಗಿನ ತಗ್ಗಿನಲ್ಲಿ ಮೂರು ಬೆರಳು ನೀರು, ನೀರಿನ ತಳದಲ್ಲಿ ನುಣ್ಣನೆಯ ಲೋಳೆ. ಲೋಳೆಯ ಮೇಲೆ ಬಿಳಿಯ ಹುಳ ಒಂದಲ್ಲ, ಎರಡಲ್ಲ. ಕಣ್ಣಿಲ್ಲದಿದ್ದರೂ ಬೆಳಕು ಬಿದ್ದ ಕಡೆಯಿಂದ ಅವು ಮೆಲ್ಲಗೆ ಚದುರತೊಡಗಿದವು. ಒಂದು ಮಾತ್ರ ಅಲ್ಲೇ ಉಳಿಯಿತು. ಅದರ ಹೊಟ್ಟೆಯ ಕೆಳಗೆ ರಾಗಿಯ ನುಚ್ಚು ಅಂಟಿದಂತೆ ಏನೋ ಗೊಂಚಲಾಗಿತ್ತು. ಅವಳು ಇನ್ನಷ್ಟು ಹತ್ತಿರಕ್ಕೆ ಬ್ಯಾಟರಿ ತಂದಳು.

ಮಹಾದೇವ ತನ್ನ ಅಗಲವಾದ ಅಂಗೈಯನ್ನು ಬೆಳಕಿಗೆ ಅಡ್ಡ ಹಿಡಿದ.

"ಆರಸ್ರಿ ವೈನಿ," ಎಂದ. "ಬಸರಿ ಐತಿ."